ಜಯಮಾಲಾ ಹಿಡಿದಿಟ್ಟ ತಂಪು

ಬೆಳಗಿನ ಐದೂವರೆ. ಗಂಗಾಪುರ ತಾಲ್ಲೂಕಿನ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರ ಹಿಂಭಾಗದಲ್ಲಿ, ತಗಡಿನ ಮಾಡಿನಡಿ ಜಯಮಾಲಾ ನಿಂತಿದ್ದಾರೆ. ಮೈಮೇಲೆ ಗಂಡನ ಹಳೆಯ ಕಾರ್ಖಾನೆ ಅಂಗಿ, ತಲೆಗೆ ಬಿಗಿಯಾಗಿ ಕಟ್ಟಿದ ಓಢಣಿ. ನಿನ್ನೆ ಸಂಜೆ ಮಳೆ ಬಿದ್ದು ಹೋಗಿದೆ. ಆಚೆ ಹತ್ತಿ ಹೊಲದ ಮೇಲೆ ಮಂಜು ಇನ್ನೂ ಎದ್ದಿಲ್ಲ. ಅವರ ಮುಂದಿನ ಬೀರುವಿನಷ್ಟು ಎತ್ತರದ ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿದೆ. ಅದರ ಕೆಳಗಿನ ಕೊಳವೆಯಿಂದ ನೂಲಿನಷ್ಟು ತೆಳ್ಳನೆಯ ನೀರಿನ ಧಾರೆ ಸ್ಟೀಲಿನ ಟಾಕಿಗೆ ಬೀಳುತ್ತಿದೆ. ಜಯಮಾಲಾ ಒಂದು ಲೋಟ ಹಿಡಿದು, ಬಲ್ಬಿನ ಬೆಳಕಿಗೆ ಎತ್ತಿ ನೋಡಿ, ಅರ್ಧ ಕುಡಿದು ಉಳಿದದ್ದನ್ನು ನನ್ನ ಕಡೆ ಚಾಚುತ್ತಾರೆ.

“ಕುಡೀರಿ. ಈಗ ನಿಮ್ಮ ಸುತ್ತಮುತ್ತ ಇದ್ದ ಗಾಳಿನೇ ಇದು.”

ನೀರು ತಣ್ಣಗಿದೆ. ಕೊಳವೆಬಾವಿಯ ವಾಸನೆಯಿಲ್ಲ, ಕ್ಲೋರಿನ್ನಿನ ವಾಸನೆಯೂ ಇಲ್ಲ.

“ಈ ಹೊತ್ತಿಗಿ ಗಾಳಿ ಹಸಿ ಇರ್ತದರಿ. ಬಿಸಲ ಏರಿತಂದ್ರ ಒಣಗತದ. ಒಣ ಗಾಳಿ ಹಿಂಡ್ಲಾಕ ಹೋದ್ರ ಬರೇ ಲೈಟ್ ಬಿಲ್ ಬರ್ತದ, ನೀರ ಬರಂಗಿಲ್ಲ” ಎನ್ನುತ್ತ ಅವರು ಯಂತ್ರದ ಹಿಂದಕ್ಕೆ ಹೋಗುತ್ತಾರೆ. ಅಲ್ಲಿ ಟ್ರಂಕಿನಷ್ಟು ದೊಡ್ಡ ಅಲ್ಯುಮಿನಿಯಂ ಪೆಟ್ಟಿಗೆಯೊಂದನ್ನು ಜೋಡಿಸಲಾಗಿದೆ. ಕಂಪನಿಯಿಂದ ಬಂದಾಗ ಯಂತ್ರಕ್ಕೆ ಈ ಪೆಟ್ಟಿಗೆ ಇರಲಿಲ್ಲ. ಅದು ಜಯಮಾಲಾ ಕೈಯಾರೆ ಮಾಡಿದ್ದು. ಕಳೆದ ದಸರಾದಿಂದ ಈ ಹಾಸ್ಟೆಲಿನ ನಲವತ್ತು ಹುಡುಗಿಯರು ಕುಡಿಯುವ ನೀರು ಈ ಪೆಟ್ಟಿಗೆಯ ಪುಣ್ಯದಿಂದ ಸಿಗುತ್ತಿದೆ. ಮೊದಲು ಒಂದು ಲೀಟರ್ ನೀರಿಗೆ ಹತ್ತಿರ ಹತ್ತಿರ ಒಂದು ಯೂನಿಟ್ ವಿದ್ಯುತ್ ನುಂಗುತ್ತಿದ್ದ ಯಂತ್ರ, ಈಗ ಹತ್ತು ಲೀಟರಿಗೆ ನಾಲ್ಕೇ ಯೂನಿಟ್ ತೆಗೆದುಕೊಳ್ಳುತ್ತದೆ.

ನಾಸಿಕದ ಹತ್ತಿರದ ಓಝರ್‌ನ ಗೆಳೆಯರೊಬ್ಬರು ಈ ಸುದ್ದಿ ಹೇಳಿದಾಗ ನಾನು ಅರ್ಧವಷ್ಟೇ ನಂಬಿದ್ದೆ. ನಾಸಿಕದ ಕೈಗಾರಿಕಾ ಪ್ರದೇಶವಾದ ಸಾತಪುರದ ಪುಟ್ಟ ವರ್ಕ್‌ಶಾಪಿನಲ್ಲಿ ತಾಮ್ರದ ಕೊಳವೆ ಬೆಸೆಯುವ, ಬೀದರ್ ಜಿಲ್ಲೆಯ ಭಾಲ್ಕಿ ಕಡೆಯ ಹೆಣ್ಣುಮಗಳು ಎಂದಿದ್ದರು. ಉಳಿದರ್ಧವನ್ನು ನಂಬುವ ಸಲುವಾಗಿ ಶನಿವಾರ ಮಧ್ಯಾಹ್ನ ನಾಸಿಕದಲ್ಲಿ ಜಯಮಾಲಾ ಅವರ ಜತೆ ಸರ್ಕಾರಿ ಎಸ್‌ಟಿ ಬಸ್ಸು ಹತ್ತಿ, ಯೇವಲಾ, ವೈಜಾಪುರ ದಾಟಿ ಇಲ್ಲಿಗೆ ಬಂದೆ. ಹದಿನೈದು ದಿನಕ್ಕೊಮ್ಮೆ ಅವರು ಹೀಗೆ ಬರುತ್ತಾರೆ. ಶನಿವಾರ ಸಂಜೆ ಬಂದು, ಭಾನುವಾರ ಬೆಳಗಿನ ಜಾವ ಯಂತ್ರ ಓಡುವುದನ್ನು ನೋಡಿ, ತೊಳೆದು ಒರೆಸಿ ಹಿಂತಿರುಗುತ್ತಾರೆ.

“ನಾಸಿಕದಾಗ ಗಂಗಾಪುರ ಅಂದ್ರ ಮಂದಿ ಡ್ಯಾಮ್ ಅಂತ ತಿಳೀತಾರ. ನಾವು ಕುಡಿಯೋದೇ ಆ ಡ್ಯಾಮಿನ ನೀರು” ಎಂದು ಬಸ್ಸಿನಲ್ಲಿ ಜಯಮಾಲಾ ನಕ್ಕಿದ್ದರು. “ಇದು ಆ ಗಂಗಾಪುರ ಅಲ್ರಿ, ಸಂಭಾಜಿನಗರ ಜಿಲ್ಲಾದ್ದು.”

ಜಯಮಾಲಾ ನಾಸಿಕಕ್ಕೆ ಬಂದದ್ದು ಮದುವೆಯಾದ ವರ್ಷ. ಗಂಡ ಸಂಗಮನಾಥ ಸಾತಪುರದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದರು. ಮಗಳು ಶಾಲೆಗೆ ಸೇರಿದ ವರ್ಷ ಪ್ರೆಸ್ ಯಂತ್ರಕ್ಕೆ ಸಿಕ್ಕಿ ಅವರ ಬಲಗೈಯ ಮೂರು ಬೆರಳು ಹೋದವು. ಮೊದಲ ಕೆಲವು ತಿಂಗಳು ಹೇಗೆ ಕಳೆದವು ಎಂದು ಕೇಳಿದರೆ ಜಯಮಾಲಾ ಬೇರೆ ಮಾತು ತೆಗೆಯುತ್ತಾರೆ. ಸಂಗಮನಾಥ ಮಾತ್ರ ಮುಚ್ಚುಮರೆ ಮಾಡುವುದಿಲ್ಲ. “ನಾ ಮನ್ಯಾಗ ಗ್ವಾಡಿ ನೋಡಕೋತ ಕುಂತಿದ್ದೆ. ಆಕಿ ಹೋಗಿ ಕೆಲಸ ಹುಡಿಕ್ಯಾಳ.”

ಹುಡುಕಿದ ಕೆಲಸ ಕಲಬುರಗಿ ಕಡೆಯ ಶಿವರಾಯರ ವರ್ಕ್‌ಶಾಪಿನಲ್ಲಿ ಸಿಕ್ಕಿತು. ದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜುಗಳಿಗೆ ತಾಮ್ರದ ಕಾಯಿಲ್ ಮಾಡಿಕೊಡುವುದು, ಕೆಟ್ಟರೆ ರಿಪೇರಿ ಮಾಡುವುದು ಅಲ್ಲಿಯ ಕಸುಬು. ಜಯಮಾಲಾ ಸೇರಿದ್ದು ಕಸ ಗುಡಿಸಲು, ಕೊಳವೆಯ ತುದಿಗಳನ್ನು ಉಜ್ಜಿ ಹೊಳಪು ಮಾಡಲು. ಉಜ್ಜುತ್ತ ಕೂತವರ ಕಣ್ಣು ಬೆಸುಗೆಯ ಉರಿಯ ಮೇಲೆಯೇ ಇರುತ್ತಿತ್ತು. ಒಂದು ದಿನ ಬೆಸುಗೆಯವನು ಬರಲಿಲ್ಲ, ಹೊರಗೆ ಗಾಡಿ ಮಾಲಿಗಾಗಿ ನಿಂತಿತ್ತು. “ನಾ ಮಾಡ್ಲೇನ್ರಿ ಅಣ್ಣಾರ?” ಎಂದು ಕೇಳಿದರು. ಸೀರೆಗೆ ಬೆಂಕಿ ಹತ್ತೀತು ಎಂದರು ಶಿವರಾಯರು. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದ ಜಯಮಾಲಾ ಗಂಡನ ಪ್ಯಾಂಟು, ಅಂಗಿ ಹಾಕಿಕೊಂಡು ಬಂದರು. ಅಂದಿನಿಂದ ಅದೇ ಅವರ ಕೆಲಸದ ಉಡುಪು. ಈಗ ದಿನಕ್ಕೆ ನೂರೈವತ್ತರ ಹತ್ತಿರ ಬೆಸುಗೆ ಹಾಕುತ್ತಾರೆ. ಅದರಲ್ಲಿ ಸೋರಿ ಹಿಂತಿರುಗಿ ಬರುವುದು ತಿಂಗಳಿಗೆ ಒಂದೋ ಎರಡೋ.

ಹಾಗೆ ಹನ್ನೊಂದು ವರ್ಷ ಕಳೆದ ಮೇಲೆ, ಹೋದ ಮಳೆಗಾಲದಲ್ಲಿ ಶಿವರಾಯರು ಒಂದು ಹೊಸ ಕೆಲಸ ಹೇಳಿದರು. ಗಂಗಾಪುರ ತಾಲ್ಲೂಕಿನ ಹಾಸ್ಟೆಲಿನಲ್ಲಿ ಗಾಳಿಯಿಂದ ನೀರು ತೆಗೆಯುವ ಯಂತ್ರ ಕೆಲಸವಿಲ್ಲದೆ ಬಿದ್ದಿದೆ, ಭಂಗಾರಕ್ಕೆ ಕೊಂಡಿದ್ದೇನೆ, ಹೋಗಿ ಕೊಯ್ದು ತಾಮ್ರ ಬಿಡಿಸಿಕೊಂಡು ಬಾ ಎಂದರು. ಮರಾಠಿಯಲ್ಲಿ ಭಂಗಾರವೆಂದರೆ ಗುಜರಿ. “ನಾ ಹೊಸದಾಗಿ ಬಂದಾಗ ಓಣ್ಯಾಗ ಭಂಗಾರ ಭಂಗಾರ ಅಂತ ಕೂಗಿದ್ರ, ಬೀದ್ಯಾಗ ಬಂಗಾರ ಮಾರ್ತಾರಲ್ಲ ಅಂತ ಬಾಗಲಿಗಿ ಓಡಿದ್ದೆ” ಎಂದು ಜಯಮಾಲಾ ಈಗಲೂ ಬಿದ್ದುಬಿದ್ದು ನಗುತ್ತಾರೆ.

ಹಾಸ್ಟೆಲಿನ ಕಥೆಯನ್ನು ವಾರ್ಡನ್ ವೈಷ್ಣವಿ ಮರಾಠಿಯಲ್ಲಿ ಹೇಳುತ್ತಾರೆ. ಇಲ್ಲಿರುವವರೆಲ್ಲ ಕಬ್ಬು ಕಡಿಯಲು ಹೋಗುವವರ ಹೆಣ್ಣುಮಕ್ಕಳು. ದೀಪಾವಳಿಯ ಹೊತ್ತಿಗೆ ತಂದೆತಾಯಿ ಕಬ್ಬಿನ ಊರುಗಳಿಗೆ ಹೊರಟರೆ ತಿರುಗಿ ಬರುವುದು ಬೇಸಿಗೆಗೆ. ಅಷ್ಟು ದಿನ ಮಗಳು ಇಲ್ಲಿದ್ದರೆ ಶಾಲೆ ಉಳಿಯುತ್ತದೆ, ಜತೆಗೆ ಹೋದರೆ ಶಾಲೆ ಅಲ್ಲಿಗೇ ಮುಗಿಯುತ್ತದೆ. ಆದರೆ ಊರ ಕೊಳವೆಬಾವಿಯ ನೀರು ಉಪ್ಪು. ಕ್ಯಾನ್ ನೀರಿನ ಗಾಡಿ ಈ ಕೆಸರು ರಸ್ತೆಗೆ ಇಳಿಯುವುದಿಲ್ಲ. ಟ್ಯಾಂಕರ್ ಬಂದ ದಿನ ಬಂತು, ಇಲ್ಲದ ದಿನ ಇಲ್ಲ. ದಾನಿಗಳೊಬ್ಬರು ಈ ಯಂತ್ರ ಕೊಡಿಸಿದಾಗ ಎಲ್ಲರೂ ಹಿಗ್ಗಿದ್ದರು. ಮೊದಲ ತಿಂಗಳ ಲೈಟ್ ಬಿಲ್ ಬಂದದ್ದೇ ಹಾಸ್ಟೆಲ್ ನಡೆಸುವ ಟ್ರಸ್ಟಿನವರು ಸ್ವಿಚ್ ಆರಿಸಿ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿದರು. ಎರಡು ವರ್ಷ ಅದು ಹಾಗೆಯೇ ಇತ್ತು.

“ಮಕ್ಕಳಿಗೆ ಹೊಟ್ಟೆನೋವು, ಭೇದಿ. ಅಂಥ ನೀರು ಕುಡಿಯಲು ಬಿಟ್ಟು ಹೋಗುವುದಿಲ್ಲ ಎಂದು ಆಚೆ ವರ್ಷದ ದೀಪಾವಳಿಗೆ ಒಂಬತ್ತು ಮಂದಿ ತಾಯಂದಿರು ಬಂದು ಹುಡುಗಿಯರನ್ನು ಕಬ್ಬಿನ ಗದ್ದೆಗೇ ಕರೆದುಕೊಂಡು ಹೋದರು. ನಾನು ಯಾವ ಬಾಯಲ್ಲಿ ತಡೆಯಲಿ?” ಎನ್ನುತ್ತಾರೆ ವೈಷ್ಣವಿ.

ಜಯಮಾಲಾ ಬಂದಿದ್ದು ಅದರ ಮುಂದಿನ ಮಳೆಗಾಲದಲ್ಲಿ. ಕೊಯ್ಯುವ ಮೊದಲು ತಂಪು ಮಾಡುವ ಒಳಗಿನ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಳ್ಳಬೇಕು. ಅದಕ್ಕೂ ಮುನ್ನ ಒಮ್ಮೆ ಓಡಿಸಿ, ಗ್ಯಾಸ್ ಉಳಿದಿದೆಯೇ ಎಂದು ನೋಡುವುದು ಅವರ ರೂಢಿ. ತಾಡಪತ್ರಿ ತೆಗೆದು ಸ್ವಿಚ್ ಹಾಕಿದರು. ಯಂತ್ರ ಹೊರಳಾಡಿ ಎದ್ದಿತು. ಸ್ವಲ್ಪ ಹೊತ್ತಿಗೆ ಕೊಳವೆಯಿಂದ ಹನಿ ಬಿತ್ತು. ಸದ್ದು ಕೇಳಿ ಒಬ್ಬ ಹುಡುಗಿ ಬಂದಳು, ಅವಳ ಹಿಂದೆ ನಾಲ್ವರು, ಆಮೇಲೆ ಊಟದ ಮನೆಯೇ ಖಾಲಿಯಾಯಿತು. ಕೈಯಲ್ಲಿ ಲೋಟ, ತಟ್ಟೆ, ಬಾಟಲಿ. ಯಂತ್ರ ರಿಪೇರಿಯಾಯಿತು ಎಂದು ಅವರು ತಿಳಿದಿದ್ದರು.

“ಮಾವಶಿ, ಚಾಲೂ ಝಾಲಾ ಕಾ ಅಂತ ಕೇಳ್ಯಾರ. ಚಾಲೂ ಆಯ್ತಾ ಅಂತ. ನಾ ಏನ್ ಹೇಳ್ಲಿರಿ? ನನ್ನ ಚೀಲದಾಗ ಕೊಯ್ಯಾ ಸಾಮಾನ ಅದ.” ಜಯಮಾಲಾ ಯಂತ್ರದ ಹಿಂದೆ ಸರಿದು ನಿಂತರು. ಆಗ ಬೆನ್ನಿಗೆ ತಣ್ಣನೆಯ ಗಾಳಿ ಬಡಿಯಿತು. ನೀರು ಕೊಟ್ಟು ಮುಗಿಸಿದ ಗಾಳಿಯನ್ನು ಯಂತ್ರ ಹಿಂದಿನ ಕಿಂಡಿಯಿಂದ ಹೊರಗೆ ದೂಡುತ್ತಿತ್ತು. “ನಮ್ಮ ದ್ರಾಕ್ಷಿ ಕೋಲ್ಡ್ ಸ್ಟೋರೇಜಿನಾಗ ಬಾಗಲ ಒಂದು ಘಳಿಗಿ ತೆರೆದಿಟ್ರ ಮಾಲಕರು ಬಾಯಿಗಿ ಬಂದಂಗ ಬೈತಾರ, ತಂಪು ಹೋತು, ಲೈಟ್ ಹೋತು ಅಂತ. ಇಲ್ಲಿ ನೋಡಿದ್ರ ಇಡೀ ತಂಪು ಬಯಲಿಗಿ ಹೊಂಟದ! ದುಡ್ಡು ಕೊಟ್ಟು ಗಾಳಿ ತಣ್ಣಗ ಮಾಡ್ತಾರ, ನೀರ ಹಿಂಡ್ಕೋತಾರ, ಆ ತಣ್ಣನ ಗಾಳಿ ಒಗದಬಿಡ್ತಾರ.”

ಅಲ್ಲಿಂದಲೇ ಶಿವರಾಯರಿಗೆ ಫೋನ್ ಮಾಡಿದರು. “ಅಣ್ಣಾರ, ನಾ ಇದನ್ನ ಕೊಯ್ಯಂಗಿಲ್ಲರಿ.”

“ತಲಿ ಕೆಟ್ಟದೇನ್ ತಂಗಿ? ಗಾಡಿ ಕಳಿಸೀನಿ.”

“ಗಾಡಿ ತಿರುಗಿ ಕರಸ್ರಿ. ದಸರಾ ತನ ಬಿಡ್ರಿ. ಭಾನುವಾರ ನನ್ನ ಸ್ವಂತ ಟೈಮಿನಾಗ ಮಾಡ್ತೀನಿ. ಆಗಲಿಲ್ಲಂದ್ರ ನನ್ನ ಕೈಲಿಂದ್ಲೇ ಕೊಯ್ದು ತಂದು ನಿಮ್ಮ ಮುಂದ ಹಾಕ್ತೀನಿ.”

ಹಣೆಗೆ ವಿಭೂತಿ, ಬಾಯಲ್ಲಿ ಸದಾ ಗದರಿಕೆ ಇರುವ ಶಿವರಾಯರು ಅಂದು ಬಹಳ ಗದರಿದರಂತೆ. “ಹನ್ನೊಂದು ವರ್ಷದಾಗ ಆಕಿ ಒಮ್ಮಿನೂ ಆಗಂಗಿಲ್ಲ ಅಂದಿದ್ದಿಲ್ಲ. ಅದಕ್ಕ ಹೂಂ ಅಂದೆ” ಎಂದು ಈಗ ಹೇಳುತ್ತಾರೆ.

ಯೋಚನೆ ಸರಳವಾಗಿತ್ತು. ಒಳಗೆ ಬರುವ ಗಾಳಿ ಬೆಚ್ಚಗಿರುತ್ತದೆ, ಅದನ್ನು ತಣ್ಣಗಾಗಿಸಿದರಷ್ಟೇ ಅದು ನೀರು ಬಿಡುತ್ತದೆ. ಹೊರಗೆ ಹೋಗುವ ಗಾಳಿ ಆಗಲೇ ತಣ್ಣಗಿದೆ. ಎರಡನ್ನೂ ಒಂದೇ ಪೆಟ್ಟಿಗೆಯೊಳಗೆ, ನಡುವೆ ತೆಳು ಹಾಳೆಯ ಗೋಡೆಗಳನ್ನಿಟ್ಟು ಎದುರುಬದುರು ಹಾಯಿಸಿದರೆ, ಹೋಗುವ ಗಾಳಿ ಬರುವ ಗಾಳಿಯನ್ನು ಪುಕ್ಕಟೆ ತಣಿಸುತ್ತದೆ. ಕಂಪ್ರೆಸರಿನ ಕೆಲಸ ಅಷ್ಟು ಕಡಿಮೆಯಾಗುತ್ತದೆ. “ಇದು ನಾ ಕಂಡು ಹಿಡದಿದ್ದಲ್ರಿ. ಪುಸ್ತಕದಾಗ ಮೊದಲೇ ಅದ ಅಂತ ಭಾರ್ಗವಿ ಮೇಡಂ ಹೇಳ್ಯಾರ” ಎಂದು ಜಯಮಾಲಾ ಯಾರು ಕೇಳಿದರೂ ಮೊದಲು ಇದನ್ನೇ ಹೇಳುತ್ತಾರೆ.

ಭಾರ್ಗವಿ ಓಝರ್‌ನ ವಿಮಾನ ಕಾರ್ಖಾನೆಯ ಎಂಜಿನಿಯರ್, ತುಮಕೂರಿನವರು. ಕನ್ನಡ ಸಂಘದ ರಾಜ್ಯೋತ್ಸವದ ಊಟಕ್ಕೆ ಜೋಳದ ರೊಟ್ಟಿ ಬಡಿಯುವಾಗ ಇಬ್ಬರಿಗೂ ಪರಿಚಯ. ಜಯಮಾಲಾ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ತೋರಿಸಿದ ಪೆಟ್ಟಿಗೆಯನ್ನು ನೋಡಿ ಅವರು, “ಜಯಕ್ಕ, ಇದು ಆಗತ್ತೆ. ಆದ್ರೆ ಅಗ್ಗವಾಗಿ, ಸೋರದ ಹಾಗೆ ಮಾಡೋದಿದೆಯಲ್ಲ, ಅದೇ ಕಷ್ಟ” ಎಂದರಂತೆ. ಯಂತ್ರವನ್ನು ಮಧ್ಯಾಹ್ನ ಓಡಿಸಬೇಡಿ, ಗಾಳಿ ತೇವವಾಗಿರುವ ಬೆಳಗಿನ ಜಾವಕ್ಕೆ ಇಡಿ ಎಂದು ಹೇಳಿಕೊಟ್ಟವರೂ ಅವರೇ.

ಶ್ರಾವಣದ ಭಾನುವಾರಗಳೆಲ್ಲ ಪೆಟ್ಟಿಗೆಗೆ ಹೋದವು. ಸಂಗಮನಾಥ ಎಡಗೈಯಲ್ಲಿ ಹಾಳೆ ಹಿಡಿದರು, ಜಯಮಾಲಾ ಕತ್ತರಿಸಿ ಜೋಡಿಸಿದರು. ಹಾಳೆ ಹೆಚ್ಚಾದಷ್ಟೂ ತಂಪು ಹೆಚ್ಚು ಉಳಿಯುತ್ತದೆ ಎಂದು ಒತ್ತೊತ್ತಾಗಿ ತುಂಬಿದರು. ಟೆಂಪೊದಲ್ಲಿ ಹೊತ್ತು ತಂದು, ಹಾಸ್ಟೆಲಿನ ಯಂತ್ರಕ್ಕೆ ಕಟ್ಟಿ ಓಡಿಸಿದರು. ನೀರು ಬಂತು. ಮೀಟರ್ ನೋಡಿದರೆ ವಿದ್ಯುತ್ ಮೊದಲಿಗಿಂತ ಎಳ್ಳಷ್ಟೇ ಕಡಿಮೆ.

“ಅವತ್ತ ನಾ ಲಗೂನ ಸಾಮಾನ ಕಟ್ಟಿ ಹೊಂಟೆರಿ” ಎನ್ನುತ್ತಾರೆ ಜಯಮಾಲಾ. “ಹುಡುಗೇರು ಗೇಟಿನ ತನ ಬಂದು ಟಾಟಾ ಮಾಡ್ಯಾರ. ನನಗ ತಿರುಗಿ ನೋಡ್ಲಾಕ ಆಗಿಲ್ಲ.”

ಮುಂದಿನ ಭಾನುವಾರ ಭಾರ್ಗವಿ ವರ್ಕ್‌ಶಾಪಿಗೆ ಬಂದು, ಟೆಂಪೊದಲ್ಲಿ ವಾಪಸು ಬಂದಿದ್ದ ಪೆಟ್ಟಿಗೆಗೆ ಫ್ಯಾನು ಹಚ್ಚಿ, ಪಾರದರ್ಶಕ ಪೈಪಿನ ತುಂಡನ್ನು ಬಗ್ಗಿಸಿ, ಅರ್ಧ ನೀರು ತುಂಬಿ, ಪೆಟ್ಟಿಗೆಯ ಎರಡೂ ತುದಿಗೆ ಸಿಕ್ಕಿಸಿದರು. ಒಂದು ಕಡೆ ನೀರು ಮೇಲೇರಿ ನಿಂತಿತು. ಗಾಳಿ ಒತ್ತೊತ್ತಾದ ಹಾಳೆಗಳ ನಡುವೆ ಉಸಿರು ಕಟ್ಟಿಕೊಂಡು ನುಗ್ಗುತ್ತಿತ್ತು. ಕಂಪ್ರೆಸರಿನಲ್ಲಿ ಉಳಿದ ವಿದ್ಯುತ್ತನ್ನೆಲ್ಲ ಅದನ್ನು ದೂಡುವ ಫ್ಯಾನೇ ತಿಂದು ಹಾಕುತ್ತಿತ್ತು. “ನಾನೂ ಮೊದಲೇ ಅಳೆದು ಹೇಳಬೇಕಿತ್ತು, ಉತ್ಸಾಹದಲ್ಲಿ ಬಿಟ್ಟುಬಿಟ್ಟೆ” ಎನ್ನುತ್ತಾರೆ ಭಾರ್ಗವಿ. ಇಬ್ಬರೂ ಕೂತು, ಹಾಳೆ ಅರ್ಧಕ್ಕರ್ಧ ಇಳಿಸಿ ಸಂದು ಅಗಲ ಮಾಡುವುದೆಂದು ತೀರ್ಮಾನಿಸಿದರು. ಕಡಿಮೆ ಹಾಳೆಯಿಂದ ಪೂರ್ತಿ ಕೆಲಸ ತೆಗೆಯಬೇಕಾದರೆ ಒಂದು ಕಡೆಯ ಗಾಳಿ ಇನ್ನೊಂದು ಕಡೆಗೆ ಕೂದಲೆಳೆಯಷ್ಟೂ ಸೋರಬಾರದು. ಕಾಗದದಂಥ ಅಲ್ಯುಮಿನಿಯಂ ಉರಿಗೆ ಕರಗುತ್ತದೆ, ಬೆಸೆಯಲಾಗದು. ಗೋಂದು ಹಚ್ಚಿದರೆ ಕುಡಿಯುವ ನೀರಿಗೆ ವಾಸನೆ. ಕೊನೆಗೆ ಜಯಮಾಲಾ ಹಾಳೆಗಳ ಅಂಚನ್ನು ಕರ್ಚಿಕಾಯಿಯ ಅಂಚಿನಂತೆ ಮಡಚಿ, ಮತ್ತೆ ಮಡಚಿ, ಮರದ ಸುತ್ತಿಗೆಯಿಂದ ಬಡಿದು ಬಿಗಿ ಮಾಡಿದರು. ಸಾಬೂನು ನೀರು ಹಚ್ಚಿ ಗಾಳಿ ಬಿಟ್ಟು ನೋಡಿದಾಗ ಒಂದೇ ಒಂದು ಗುಳ್ಳೆ ಏಳಲಿಲ್ಲ.

ದಸರಾಕ್ಕೆ ವಾರವಿದ್ದಾಗ ಹೊಸ ಪೆಟ್ಟಿಗೆಯನ್ನು ಹಾಸ್ಟೆಲಿನ ಯಂತ್ರಕ್ಕೆ ಕಟ್ಟಿ ರಾತ್ರಿಯಿಡೀ ಓಡಿಸಿದರು. ಟ್ರಸ್ಟಿನ ಕಾರ್ಯದರ್ಶಿ ರವಿಕಾಂತ ಸಂಭಾಜಿನಗರದಿಂದ ಹಿಂದಿನ ದಿನವೇ ಬಂದು ಉಳಿದಿದ್ದರು. ಅವರ ಶರತ್ತು ಒಂದೇ. ಹಾಸ್ಟೆಲಿನ ಛಾವಣಿಯ ಮೇಲಿನ ಸೋಲಾರ್ ಫಲಕಗಳು ದಿನಕ್ಕೆ ಸುಮಾರು ನಲವತ್ತು ಯೂನಿಟ್ ಮಾಡುತ್ತವೆ, ಅಷ್ಟು ಬಿಲ್ಲಿನಲ್ಲಿ ವಜಾ ಆಗುತ್ತದೆ. ದೀಪ, ಫ್ಯಾನು ಮತ್ತು ಮಕ್ಕಳಿಗೆ ಬೇಕಾದ ಎಂಬತ್ತು ಲೀಟರ್ ನೀರು, ಎಲ್ಲವೂ ಆ ನಲವತ್ತರೊಳಗೆ ಮುಗಿಯಬೇಕು. ಇಲ್ಲವಾದರೆ ಯಂತ್ರ ಶಿವರಾಯರ ಗಾಡಿಗೆ.

ಬೆಳಗಾಗುವ ಹೊತ್ತಿಗೆ ಟಾಕಿ ತುಂಬಿ ಎಂಬತ್ತರ ಗೆರೆ ಮುಟ್ಟಿತು. ರವಿಕಾಂತ ಕನ್ನಡಕ ಒರೆಸಿಕೊಂಡು ಮೀಟರ್ ಓದಿದರು. ಮತ್ತೊಮ್ಮೆ ಓದಿದರು. ನಂಬದೆ ವೈಷ್ಣವಿಯವರಿಂದ ಓದಿಸಿದರು. ಮೂವತ್ತೆರಡಕ್ಕೂ ಒಂದಿಷ್ಟು ಕಡಿಮೆ. ದೀಪ, ಫ್ಯಾನಿಗೆ ಎಂಟು ಯೂನಿಟ್ ಉಳಿದಿತ್ತು.

“ನಾ ಮೀಟರ್ ನೋಡಿಲ್ರಿ. ವೈಷ್ಣವಿ ಅಕ್ಕನ ಮಾರಿ ನೋಡೀನಿ. ಆಕಿ ಅಳ್ಲಾಕ ಹತ್ತಿದ್ಲು. ಮುಗೀತು, ಹೋತು ಅಂದ್ಕೊಂಡೆ. ಆಮ್ಯಾಲ ನೋಡಿದ್ರ ಆಕಿ ನನ್ನ ತೆಕ್ಕಿ ಬಡಿದಾಳ!” ಎನ್ನುತ್ತಾರೆ ಜಯಮಾಲಾ.

ರವಿಕಾಂತ ಮೊದಲ ಲೋಟ ಕುಡಿದು, ರುಚಿಯೇ ಇಲ್ಲವಲ್ಲ ಎಂದರಂತೆ. “ಉಪ್ಪಿನ ರುಚಿ ಬೇಕಾದರೆ ಬಾವಿ ಅಲ್ಲೇ ಇದೆ ಸಾಹೇಬರೇ” ಎಂದು ಹುಡುಗಿಯೊಬ್ಬಳು ಹಿಂದಿನಿಂದ ಹೇಳಿದಳು. ನಗು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಈಗ ನೀರು ಸುಣ್ಣಕಲ್ಲಿನ ಚೂರುಗಳಿರುವ ಸೋಸುಕದ ಮೂಲಕ ಹಾದು ಬರುತ್ತದೆ, ಚೆನ್ನಾಗಿಯೇ ಇದೆ.

ಆ ಸಲ ದೀಪಾವಳಿಗೆ ಕಬ್ಬಿನ ಗಾಡಿಗಳು ಹೊರಟಾಗ ಒಬ್ಬ ತಾಯಿಯೂ ಮಗಳನ್ನು ಕರೆದೊಯ್ಯಲಿಲ್ಲ. ಹಿಂದೆ ಹೋಗಿದ್ದ ಒಂಬತ್ತು ಹುಡುಗಿಯರಲ್ಲಿ ಏಳು ಮಂದಿ ತಿರುಗಿ ಬಂದರು. ಅವರಲ್ಲೊಬ್ಬಳು ಈ ವರ್ಷ ಹತ್ತನೇ ತರಗತಿ. ಹುಡುಗಿಯರೆಲ್ಲ ಜಯಮಾಲಾರನ್ನು ಪಾಣಿವಾಲಿ ಮಾವಶಿ, ಅಂದರೆ ನೀರಿನ ಚಿಕ್ಕಮ್ಮ ಎಂದು ಕರೆಯುತ್ತಾರೆ. ಇವತ್ತು ಬೆಳಿಗ್ಗೆಯೂ ಆರು ಗಂಟೆಗೆ ಬಾಟಲಿ ಹಿಡಿದು ಸಾಲು ನಿಂತಿದ್ದಾರೆ. ಜಯಮಾಲಾ ನಲ್ಲಿ ತಿರುಗಿಸುತ್ತ ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸುತ್ತಾರೆ. ಯಾರ ಜಡೆ ಸಡಿಲ, ಯಾರ ಕೆಮ್ಮು ಹೋಗಿಲ್ಲ, ಅವರಿಗೆ ಎಲ್ಲವೂ ಗೊತ್ತು.

ಜನವರಿಯಲ್ಲಿ ನಾಸಿಕದ ಎಂಜಿನಿಯರುಗಳ ಸಭೆಯೊಂದರಲ್ಲಿ ಭಾರ್ಗವಿ ಈ ಪೆಟ್ಟಿಗೆಯ ಬಗ್ಗೆ ಮಾತಾಡಿದರು. ತೆರೆಯ ಮೇಲೆ ಮೊದಲು ಜಯಮಾಲಾ ಹೆಸರಿತ್ತು, ಆಮೇಲೆ ತಮ್ಮದು. ವೇದಿಕೆಗೆ ಕರೆದಾಗ ಜಯಮಾಲಾ ಮರಾಠಿಯಲ್ಲಿ ಮೂರೇ ವಾಕ್ಯ ಹೇಳಿದರು: “ತಂಪು ಮಾಡುವುದಕ್ಕೆ ಖರ್ಚಿದೆ. ಮಾಡಿದ ತಂಪನ್ನು ಒಗೆಯಬೇಡಿ. ಯಾರಿಗಾದರೂ ಮಡಚುವುದು ಕಲಿಯಬೇಕೆಂದರೆ ಭಾನುವಾರ ಬನ್ನಿ.” ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೊನೆಯ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ ಸಂಗಮನಾಥ, ಎರಡು ಬೆರಳಿನ ಬಲಗೈಯಿಂದ ಎಡ ಅಂಗೈಗೆ ಬಡಿಯುತ್ತ ಎಲ್ಲರಿಗಿಂತ ಆಮೇಲೆ ನಿಲ್ಲಿಸಿದರು ಎಂದು ಭಾರ್ಗವಿ ನೆನೆಯುತ್ತಾರೆ.

ಭಾನುವಾರ ಹತ್ತಾರು ಮಂದಿ ಬಂದರು, ಉಳಿದವರು ಇಬ್ಬರು. ಇಬ್ಬರೂ ಸಾತಪುರದ ಹೆಣ್ಣುಮಕ್ಕಳೇ. ಟ್ರಸ್ಟಿನ ಇನ್ನೆರಡು ಹಾಸ್ಟೆಲುಗಳಿಗೆ ಪೆಟ್ಟಿಗೆಗಳು ಸಿದ್ಧವಾಗಿವೆ. ಶಿವರಾಯರು ವರ್ಕ್‌ಶಾಪಿನ ಅರ್ಧ ಜಾಗ ಅದಕ್ಕೇ ಬಿಟ್ಟುಕೊಟ್ಟು, ಗದರಿಕೆಯನ್ನು ಉಳಿದರ್ಧದಲ್ಲಿ ಮುಂದುವರಿಸಿದ್ದಾರೆ.

ಬಿಸಿಲು ಹತ್ತಿ ಹೊಲದ ಮೇಲೆ ಬೀಳುವ ಹೊತ್ತಿಗೆ ಜಯಮಾಲಾ ಯಂತ್ರ ನಿಲ್ಲಿಸಿ, ಪೆಟ್ಟಿಗೆ ಬಿಚ್ಚಿ ತೆಗೆದು, ಹಾಳೆಗಳ ಸಂದುಗಳನ್ನು ಒಂದೊಂದಾಗಿ ತೊಳೆದು ನೆರಳಿಗೆ ಒರಗಿಸುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಹೇಗೆ ಎಂದು ಕೇಳುತ್ತೇನೆ. ಅವರು ಮುಚ್ಚಿಡುವುದಿಲ್ಲ.

“ಆಗ ಮೂರರಾಗ ಒಂದು ಪಾಲು ನೀರ ಬರ್ತದ, ಅಷ್ಟೇ. ಉಳಿದಿದ್ದು ಟ್ಯಾಂಕರಿಂದು ಕಾಯಿಸಿ ಕುಡೀತಾರ. ಭಾರ್ಗವಿ ಮೇಡಂ ಇನ್ನೊಂದು ನಮೂನಿ ಹೇಳ್ಯಾರ, ಈ ಸಲ ಅದನ್ನ ಮಾಡಿ ನೋಡ್ತೀನಿ.” ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಹೊಳೆಯುವ ಹಾಳೆಯೊಂದರ ಮಡಚಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಾರೆ.

“ಮಳಿಗಾಲದ ಗಾಳಿ ಕೇಳಿದವರಿಗೆಲ್ಲ ನೀರ ಕೊಡ್ತದರಿ. ಬ್ಯಾಸಗಿ ಗಾಳಿ ಕಡಿಂದ ಇಸ್ಕೊಳ್ಳಾದು ಅದ ನೋಡ್ರಿ, ಅದು ಕೆಲಸ.”